ಆಣೆಯ ನಾಣ್ಯವೂ ಪರಿಮಾಣ ವ್ರತವೂ

ಪರಿಗ್ರಹ ಪರಿಮಾಣ ವ್ರತವನ್ನು ಸ್ವೀಕರಿಸಿದ ಶ್ರಾವಕನು ಹೊಲ, ಮನೆ, ಬೆಳ್ಳಿ, ಬಂಗಾರ, ಧನ, ಧಾನ್ಯ ಮೊದಲಾದವುಗಳಿಗೆ ಇಷ್ಟೇ ಎಂದು ಮೇರೆ ಹಾಕಿಕೊಳ್ಳುತ್ತಾನೆ. ಆದರೆ ಚಲಾವಣೆ ನಿಂತುಹೋದ, ಬೆಳ್ಳಿಯೂ ಅಲ್ಲದ ಬಂಗಾರವೂ ಅಲ್ಲದ ಹಳೆಯ ನಾಣ್ಯವನ್ನು ಅವನು ಯಾವ ಲೆಕ್ಕದಲ್ಲಿ ಸೇರಿಸತಕ್ಕದ್ದು? ಪ್ರಶ್ನೆ ಚಿಕ್ಕದಾದರೂ ವ್ರತದ ಮರ್ಮವು ಇದರಲ್ಲಿಯೇ ಅಡಗಿದೆ.

ನಮ್ಮ ದೇಶದಲ್ಲಿ ಅಲೆಯಂಚಿನ ನಿಕ್ಕಲ್ ಒಂದಾಣೆಯು 1907ರಲ್ಲಿ ಬಳಕೆಗೆ ಬಂದಿತು. ಮೊದಲನೆಯ ಮಹಾಯುದ್ಧದಿಂದ ಬೆಳ್ಳಿಯು ದುರ್ಲಭವಾಗಲು, 1918ರಲ್ಲಿ ಚೌಕಾಕಾರದ ಎರಡಾಣೆಯೂ 1919ರಲ್ಲಿ ಎಂಟು ಮೂಲೆಯ ನಾಲ್ಕಾಣೆ ಹಾಗೂ ದುಂಡನೆಯ ಎಂಟಾಣೆಗಳೂ ನಿಕ್ಕಲಿನಲ್ಲಿ ಹೊರಟವು. ನಿಕ್ಕಲ್ ಎಂದು ಕರೆದರೂ ಇವುಗಳಲ್ಲಿ ಮುಕ್ಕಾಲು ಪಾಲು ತಾಮ್ರವೇ. ಎಂಟಾಣೆಗೆ ಖೋಟಾ ನಾಣ್ಯಗಳ ಹಾವಳಿ ಹೆಚ್ಚಿದ್ದರಿಂದ, 1919 ಮತ್ತು 1920ರ ಮುದ್ರಣದ ಬಳಿಕ ಅದನ್ನು ಹಿಂತೆಗೆದುಕೊಳ್ಳಲಾಯಿತು. 1957ರ ಏಪ್ರಿಲ್ 1ರಂದು ದಶಮಾಂಶ ಪದ್ಧತಿ ಬಂದು ಆಣೆಯ ಲೆಕ್ಕವೇ ಹಿಂದಾಯಿತು. ಅಂಗಡಿಯಲ್ಲಿ ನಡೆಯದ ಆ ಎಂಟಾಣೆಯನ್ನು ಸಂಗ್ರಾಹಕನು ಇಂದು ಹುಡುಕಿ ಕೊಳ್ಳುತ್ತಾನೆ.

ದಾಂಡೇಲಿಯ ಬಳಿಯ ಕೋಗಿಲಬನದಲ್ಲಿ ಅಂತಹ ಗೃಹಸ್ಥನೊಬ್ಬನನ್ನು ಕಲ್ಪಿಸಿಕೊಳ್ಳಬಹುದು. ಅವನ ಸಂಗ್ರಹದಲ್ಲಿ 1920ರ ಎಂಟಾಣೆಯ ಸ್ಥಾನವೊಂದೇ ಬರಿದು. ದಶಲಕ್ಷಣ ಪರ್ವದಲ್ಲಿ ಉತ್ತಮ ಆಕಿಂಚನ್ಯದ ದಿನ ಅವನು ಉಪವಾಸದಲ್ಲಿರುವಾಗ, ನೆರೆಮನೆಯ ಮುದುಕಿಯು ಅದೇ ನಾಣ್ಯವನ್ನು ಸೆರಗಿನ ಗಂಟಿನಿಂದ ಬಿಚ್ಚಿ, “ಇದು ಈಗ ನಡಿಯೂದಿಲ್ಲ ತಮ್ಮಾ, ನಿನಗ ಬೇಕಾದ್ರ ಇಟ್ಕೋ, ಹತ್ತು ರೂಪಾಯಿ ಕೊಡು” ಎನ್ನುತ್ತಾಳೆ. ಅದರ ನಿಜವಾದ ಬೆಲೆಯನ್ನು ಅವನು ಬಲ್ಲನು, ಅವಳು ಅರಿಯಳು. ಅವನು ಮೌನವಾಗಿ ಹತ್ತು ರೂಪಾಯಿ ಎಣಿಸಿಕೊಟ್ಟರೆ ಬಾಯಿಂದ ಸುಳ್ಳು ಹೊರಡಲಿಲ್ಲ, ಹೊಟ್ಟೆಗೆ ಅನ್ನ ಹೋಗಲಿಲ್ಲ. ಆದರೂ ಸತ್ಯಕ್ಕೂ ಅಚೌರ್ಯಕ್ಕೂ ಧಕ್ಕೆ ತಗಲಿತು. ಉಪವಾಸವು ಬರಿಯ ಹಸಿವಾಗಿ ಉಳಿಯಿತು.

ಸಂಗ್ರಹವು ಇತಿಹಾಸವನ್ನು ಕಾಪಾಡುವ ನಿರುಪದ್ರವಿ ಹವ್ಯಾಸವಲ್ಲವೇ ಎಂದು ಕೇಳಬಹುದು. ಈ ಮಾತಿನಲ್ಲಿ ಸತ್ಯವಿದೆ. ನಾಣ್ಯದಿಂದ ದೊರೆಯುವ ತಿಳಿವು ಪರಿಗ್ರಹವಲ್ಲ. ಆದರೆ ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಪರಿಗ್ರಹದ ಲಕ್ಷಣವನ್ನು ಹೇಳುವಾಗ ವಸ್ತುವನ್ನು ಹಿಡಿಯದೆ, ವಸ್ತುವಿನಲ್ಲಿ ಮನಸ್ಸು ಮೈಮರೆಯುವ ಮೂರ್ಛೆಯನ್ನೇ ಹಿಡಿದರು.

ಅಮೆರಿಕೆಯ ಒಂದು ದೃಷ್ಟಾಂತ ಇದನ್ನು ಸ್ಪಷ್ಟಪಡಿಸುತ್ತದೆ. ಅಲ್ಲಿಯ ಐದು ಸೆಂಟಿನ ನಿಕ್ಕಲ್‌ನಲ್ಲಿ ಸ್ವಾತಂತ್ರ್ಯದೇವಿಯ ಮುಖವುಳ್ಳ 1913ರ ನಾಣ್ಯಗಳು ತಿಳಿದುಬಂದಿರುವುದು ಐದೇ. ಅವುಗಳಲ್ಲಿ ಒಂದರ ಒಡೆಯನು 1962ರಲ್ಲಿ ಮೋಟಾರು ಅಪಘಾತದಲ್ಲಿ ತೀರಿಕೊಂಡನು. ಪರೀಕ್ಷಕರು ಅದನ್ನು ಖೋಟಾ ಎಂದದ್ದರಿಂದ ಅದು ಸಹೋದರಿಯ ಕಪಾಟಿನಲ್ಲಿ ನಾಲ್ಕು ದಶಕ ಬಿದ್ದಿತ್ತು. 2003ರಲ್ಲಿ ಅಸಲಿ ಎಂದು ನಿಶ್ಚಯವಾಗಿ, 2013ರಲ್ಲಿ ಮೂವತ್ತು ಲಕ್ಷ ಡಾಲರುಗಳಿಗೂ ಮೀರಿ ಮಾರಾಟವಾಯಿತು. ಅಷ್ಟು ಕಾಲವೂ ನಾಣ್ಯದಲ್ಲಿ ಒಂದು ಗುಂಜಿಯೂ ಹೆಚ್ಚಲಿಲ್ಲ, ಕುಗ್ಗಲಿಲ್ಲ. ಏರಿಳಿದದ್ದು ನೋಡುವವರ ಆಸೆ ಮಾತ್ರ.

ಆದುದರಿಂದ ಸಂಗ್ರಾಹಕನಾದ ಶ್ರಾವಕನು ನಾಣ್ಯವನ್ನು ಮುಖಬೆಲೆಯಿಂದಲೂ ಲೋಹದ ತೂಕದಿಂದಲೂ ಎಣಿಸದೆ, ತಾನು ಎಷ್ಟಕ್ಕೆ ಬಿಟ್ಟುಕೊಟ್ಟಾನೋ ಆ ಬೆಲೆಯಿಂದ ತನ್ನ ಪರಿಮಾಣದಲ್ಲಿ ಎಣಿಸಲಿ. ಯಾವ ಬೆಲೆಗೂ ಬಿಡಲಾರೆನೆಂದು ಮನಸ್ಸು ನುಡಿದರೆ, ಮೇರೆಯು ಆಗಲೇ ಮೀರಿತೆಂದು ತಿಳಿಯಲಿ. ಮಾರುವವನಿಗೆ ಬೆಲೆ ತಿಳಿಯದಿದ್ದಲ್ಲಿ ಮೊದಲು ಅದನ್ನು ತಿಳಿಸಿ, ಅನಂತರ ಕೊಳ್ಳಲಿ. ಕೋಗಿಲಬನದ ಆ ಗೃಹಸ್ಥನು ಮುದುಕಿಗೆ ನಿಜವನ್ನು ಹೇಳಿ, ನಾಣ್ಯವನ್ನು ಅವಳ ಸೆರಗಿಗೇ ಮರಳಿಸಿ, ಆ ಒಂದು ಸ್ಥಾನವನ್ನು ಬರಿದಾಗಿಯೇ ಉಳಿಸಿಕೊಂಡರೆ, ಅವನ ಸಂಗ್ರಹವು ಅಪೂರ್ಣವಾದರೂ ಆ ದಿನದ ಉಪವಾಸವು ಪೂರ್ಣವಾಯಿತು.