ಎಲ್ಲರಿಗೂ ಕೇಳುವ ಹಾಗೆ

ಹಳೆಯ ಟೈಮ್‌ಶೇರಿಂಗ್ ಕಂಪ್ಯೂಟರನ್ನು ಹ್ಯಾಮ್ ರೇಡಿಯೋಗೆ ಜೋಡಿಸುವುದು ಈಗ ಅಂಥ ಸಾಹಸವೇನಲ್ಲ. ಒಂದು ಕಾಲಕ್ಕೆ ಕೋಣೆ ತುಂಬಿ ನಿಲ್ಲುತ್ತಿದ್ದ ಪಿಡಿಪಿ-10 ಇವತ್ತು ಸಿಮ್‌ಎಚ್ ಎಂಬ ಎಮ್ಯುಲೇಟರಿನ ಒಳಗೆ, ಅಂಗೈಯಗಲದ ರಾಸ್ಪ್‌ಬೆರಿ ಪೈ ಮೇಲೆ ಓಡುತ್ತದೆ. ಅದರ ಟರ್ಮಿನಲ್ ಲೈನುಗಳಿಗೆ ಟೆಲ್‌ನೆಟ್ ಮೂಲಕ ಹೊರಗಿನಿಂದ ಸೇರಿಕೊಳ್ಳಬಹುದು. ರೇಡಿಯೋ ಕಡೆಗೆ ಒಂದು ವಿಎಚ್‌ಎಫ್ ಸೆಟ್ಟು, ಅಕ್ಷರಗಳನ್ನು 1200 ಮತ್ತು 2200 ಹರ್ಟ್ಸ್‌ನ ಎರಡು ಸ್ವರಗಳಾಗಿ ಮಾರ್ಪಡಿಸುವ ಮೋಡೆಮ್, ಬಂದ ಪ್ಯಾಕೆಟ್ಟನ್ನು ಬಿಚ್ಚಿ ಆ ಲೈನಿಗೆ ದಾಟಿಸುವ ಸಣ್ಣದೊಂದು ಪ್ರೋಗ್ರಾಮ್ ಇದ್ದರೆ ಕೆಲಸ ಆಯಿತು. ವೇಗದ ಚಿಂತೆಯೂ ಇಲ್ಲ: ಈ ಯಂತ್ರಗಳು ಹುಟ್ಟಿದ ಕಾಲದ ಟೆಲಿಟೈಪ್ ಸೆಕೆಂಡಿಗೆ 10 ಅಕ್ಷರ ಒತ್ತುತ್ತಿತ್ತು, ಸೆಕೆಂಡಿಗೆ 1200 ಬಿಟ್ ಸಾಗಿಸುವ ರೇಡಿಯೋ ಅದರ ಮುಂದೆ ಧಾರಾಳಿಯೇ. ತೊಡಕು ಶುರುವಾಗುವುದು ಯಂತ್ರ ಎಚ್ಚೆತ್ತು ಪಾಸ್‌ವರ್ಡ್ ಕೇಳಿದಾಗ. ಒತ್ತಿದ ಪಾಸ್‌ವರ್ಡ್ ಆಂಟೆನಾದ ವ್ಯಾಪ್ತಿಯಲ್ಲಿರುವ ಎಲ್ಲರಿಗೂ ಕೇಳುತ್ತದೆ; ಗೂಢಲಿಪಿಯಲ್ಲಿ ಮುಚ್ಚಿ ಕಳಿಸೋಣವೆಂದರೆ ಹ್ಯಾಮ್‌ಗಳ ಕಾನೂನು ಬಿಡುವುದಿಲ್ಲ. ಹೀಗೆ ತಂತ್ರಜ್ಞಾನದ ಒಂದು ಸಣ್ಣ ಹವ್ಯಾಸ ನಮ್ಮನ್ನು ತತ್ತ್ವದ ಪ್ರಶ್ನೆಯೊಂದರ ಎದುರು ನಿಲ್ಲಿಸುತ್ತದೆ: ಗುಟ್ಟಿಗೆ ಎಡೆಯೇ ಇಲ್ಲದ ಕಡೆ ನಂಬಿಕೆ ನಿಲ್ಲಬಲ್ಲುದೆ? ನಿಲ್ಲಬಲ್ಲುದು ಎಂಬುದು ನನ್ನ ವಾದ. ಆಡುವ ಮಾತಿನ ಗುಟ್ಟು ಬೇರೆ, ಆಡುತ್ತಿರುವವರು ಯಾರೆಂಬುದಕ್ಕೆ ಆಧಾರವಾದ ಗುಟ್ಟು ಬೇರೆ. ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿಟ್ಟುಕೊಂಡಿರುವುದರಿಂದಲೇ ಬಯಲು ನಮಗೆ ಇಷ್ಟು ಭಯ ಹುಟ್ಟಿಸುತ್ತದೆ.

ಟೈಮ್‌ಶೇರಿಂಗ್ ಎಂಬುದು ಮೂಲತಃ ಏಕಾಂತದ ಭ್ರಮೆಯನ್ನು ಹುಟ್ಟಿಸುವ ವಿದ್ಯೆ. ಎಂಐಟಿಯಲ್ಲಿ ಫರ್ನಾಂಡೊ ಕೊರ್ಬಾಟೊ ಮತ್ತು ಅವರ ಸಂಗಡಿಗರು 1961ರ ನವೆಂಬರಿನಲ್ಲಿ ಸಿಟಿಎಸ್‌ಎಸ್ ಎಂಬ ವ್ಯವಸ್ಥೆಯನ್ನು ಮೊದಲ ಸಲ ನಡೆಸಿ ತೋರಿಸಿದರು. ಯಂತ್ರ ಒಬ್ಬರ ಕೆಲಸವನ್ನು ಕ್ಷಣದ ಒಂದು ಚೂರು ಕಾಲ ಮಾಡಿ, ಬದಿಗಿಟ್ಟು, ಮುಂದಿನವರ ಕೆಲಸಕ್ಕೆ ಕೈಹಾಕುತ್ತದೆ. ಸರದಿ ಅಷ್ಟು ಬೇಗ ಸುತ್ತಿ ಬರುವುದರಿಂದ ಟರ್ಮಿನಲ್ ಮುಂದೆ ಕೂತ ಪ್ರತಿಯೊಬ್ಬರಿಗೂ ಯಂತ್ರ ತನ್ನೊಬ್ಬನದೇ ಅನ್ನಿಸುತ್ತದೆ. ಈ ಭ್ರಮೆಗೆ ಬೇಲಿ ಬೇಕಾಯಿತು. ಒಂದೇ ಡಿಸ್ಕಿನಲ್ಲಿ ಎಲ್ಲರ ಕಡತಗಳೂ ಇದ್ದಾಗ ನನ್ನದು ಯಾವುದು, ನಿನ್ನದು ಯಾವುದು ಎಂದು ಹೇಳಲು ಪಾಸ್‌ವರ್ಡ್ ಬಂತು. ಬೇಲಿ ಮುರಿಯಲು ಹೆಚ್ಚು ಕಾಲ ಬೇಕಾಗಲಿಲ್ಲ ಅನ್ನುವುದನ್ನೂ ಹೇಳಿಬಿಡಬೇಕು. 1962ರಲ್ಲಿ ಅಲನ್ ಶೆರ್ ಎಂಬ ಸಂಶೋಧನಾ ವಿದ್ಯಾರ್ಥಿ, ತನಗೆ ಹಂಚಿದ್ದ ಯಂತ್ರದ ಸಮಯ ಸಾಲದೆ, ಪಾಸ್‌ವರ್ಡ್ ಕಡತವನ್ನೇ ಮುದ್ರಿಸಿಕೊಡುವಂತೆ ಯಂತ್ರಕ್ಕೆ ಕೇಳಿದ, ಅದು ಮುದ್ರಿಸಿಕೊಟ್ಟಿತು. 1966ರಲ್ಲಂತೂ ಕಳ್ಳನೇ ಇರಲಿಲ್ಲ. ಎಡಿಟರಿನ ಎರಡು ತಾತ್ಕಾಲಿಕ ಕಡತಗಳು ಅದಲುಬದಲಾಗಿ, ಲಾಗಿನ್ ಆದವರಿಗೆಲ್ಲ ಆ ದಿನದ ಸೂಚನೆಯ ಜಾಗದಲ್ಲಿ ಎಲ್ಲರ ಪಾಸ್‌ವರ್ಡುಗಳ ಪಟ್ಟಿ ಕಾಣಿಸಿತು. ಗುಟ್ಟಿನ ಮೇಲೆ ಕಟ್ಟಿದ ನಂಬಿಕೆ ಹೊರಗಿನಿಂದ ಗಟ್ಟಿಯಾಗಿ ಕಂಡರೂ, ಗುಟ್ಟು ಒಡೆದ ಗಳಿಗೆಯಲ್ಲಿ ಅದರ ಬಳಿ ಉಳಿಯುವುದು ಸೊನ್ನೆ. ಅದಕ್ಕೆ ಎರಡನೇ ಆಸರೆ ಇಲ್ಲ.

ರೇಡಿಯೋ ಇದರ ತದ್ವಿರುದ್ಧ: ಅಲ್ಲಿ ಏಕಾಂತದ ಭ್ರಮೆಗೂ ಆಸ್ಪದವಿಲ್ಲ. ಆದರೂ ಇವೆರಡರ ನಂಟು ಇಂದಿನ ಹವ್ಯಾಸಿಗಳು ಕಲ್ಪಿಸಿಕೊಂಡದ್ದಲ್ಲ. ಹವಾಯಿ ವಿಶ್ವವಿದ್ಯಾಲಯದಲ್ಲಿ ನಾರ್ಮನ್ ಅಬ್ರಾಮ್ಸನ್ ನೇತೃತ್ವದಲ್ಲಿ 1971ರಲ್ಲಿ ಶುರುವಾದ ಅಲೋಹಾನೆಟ್‌ನ ಉದ್ದೇಶವೇ ದೂರದ ಟರ್ಮಿನಲ್ಲುಗಳನ್ನು ವಿಶ್ವವಿದ್ಯಾಲಯದ ಟೈಮ್‌ಶೇರಿಂಗ್ ಕಂಪ್ಯೂಟರಿಗೆ ರೇಡಿಯೋ ಮೂಲಕ ಮುಟ್ಟಿಸುವುದಾಗಿತ್ತು. ಅಲ್ಲಿ ಸರದಿ ಹಂಚುವ ಯಜಮಾನನಿರಲಿಲ್ಲ. ಹೇಳುವುದಿದ್ದವರು ಹೇಳಿಬಿಡುವುದು, ಇಬ್ಬರ ಪ್ಯಾಕೆಟ್ ಡಿಕ್ಕಿ ಹೊಡೆದು ಉತ್ತರ ಬಾರದಿದ್ದರೆ, ಅಂದಾಜಿಗೆ ಒಂದಿಷ್ಟು ಹೊತ್ತು ಸುಮ್ಮನಿದ್ದು ಮತ್ತೆ ಹೇಳುವುದು. ಇಂಥ ಏರ್ಪಾಟಿನಲ್ಲಿ ಚಾನೆಲ್ಲಿನ ಶಕ್ತಿಯ ಶೇಕಡಾ 18ರಷ್ಟನ್ನು ಮಾತ್ರ ಬಳಸಿಕೊಳ್ಳಬಹುದು ಎಂದು ಲೆಕ್ಕ ತೋರಿಸಿತು. ಐದರಲ್ಲಿ ನಾಲ್ಕು ಪಾಲಿಗೂ ಹೆಚ್ಚು ವ್ಯರ್ಥ ಎಂದು ಎಂಜಿನಿಯರುಗಳು ಮೂಗು ಮುರಿಯಬಹುದು. ಯಜಮಾನನೇ ಇಲ್ಲದೆ ಅಪರಿಚಿತರು ಒಂದು ಬಯಲನ್ನು ಹಂಚಿಕೊಳ್ಳಬಹುದು, ಅದಕ್ಕೆ ತೆರಬೇಕಾದ ಬೆಲೆ ಇಷ್ಟು ಎಂದು ಗಣಿತ ಮುಖಕ್ಕೆ ಮುಖ ಕೊಟ್ಟು ಹೇಳಿದ್ದು ನನಗೆ ಅದಕ್ಕಿಂತ ದೊಡ್ಡ ವಿಷಯವಾಗಿ ಕಾಣುತ್ತದೆ. ಹ್ಯಾಮ್‌ಗಳು ಈ ಹಾದಿಗೆ ಬಂದದ್ದು 1978ರಲ್ಲಿ, ಕೆನಡಾದ ಮಾಂಟ್ರಿಯಲ್‌ನಲ್ಲಿ. 1984ರಲ್ಲಿ ಅಚ್ಚಾದ ಎಎಕ್ಸ್.25 ನಿಯಮಾವಳಿಯ ಎರಡನೇ ಆವೃತ್ತಿ ಇಂದಿಗೂ ಬಳಕೆಯಲ್ಲಿದೆ. ಅದರ ವಿಶೇಷವೆಂದರೆ ಪ್ರತಿ ಪ್ಯಾಕೆಟ್ಟಿನ ತಲೆಯ ಮೇಲೂ ಕಳಿಸಿದವರ ಮತ್ತು ಪಡೆಯುವವರ ಕಾಲ್‌ಸೈನ್ ಇರಬೇಕು. ಒಂದೇ ಒಂದು ಅಕ್ಷರ ಕಳಿಸಿದರೂ ಸುಮಾರು 20 ಬೈಟುಗಳ ಹೊದಿಕೆ ಅದರ ಜೊತೆ ಹೋಗುತ್ತದೆ. ಒತ್ತಿದ ಪ್ರತಿ ಅಕ್ಷರವನ್ನೂ ಮರುದನಿಸಬೇಕೆಂದು ಹಟ ಹಿಡಿಯುವ ಪಿಡಿಪಿ-10ಕ್ಕೆ ಇದು ದೊಡ್ಡ ದಂಡ. ಸಾಲುಸಾಲಾಗಿ ಕಳಿಸುವುದೇ ವಾಸಿ. ಆ ಹೊದಿಕೆಯ ಮುಖ್ಯ ಪಾಲು ಹೆಸರು, ಅಂದರೆ ಪರೀಕ್ಷೆ ಪಾಸಾಗಿ ಸರ್ಕಾರದಿಂದ ಪಡೆದ, ಯಾರು ಬೇಕಾದರೂ ಹುಡುಕಿ ನೋಡಬಹುದಾದ ಹೆಸರು.

ಅಂತರರಾಷ್ಟ್ರೀಯ ರೇಡಿಯೋ ನಿಯಮಗಳು ದೇಶದೇಶಗಳ ಹ್ಯಾಮ್‌ಗಳ ನಡುವಿನ ಮಾತನ್ನು ಅರ್ಥ ಮರೆಸುವ ಉದ್ದೇಶದಿಂದ ಸಂಕೇತಕ್ಕೆ ಇಳಿಸಕೂಡದು ಎನ್ನುತ್ತವೆ. ಉಪಗ್ರಹಗಳಿಗೆ ಕೊಡುವ ನಿಯಂತ್ರಣದ ಆಜ್ಞೆಗಳಿಗಷ್ಟೇ ವಿನಾಯಿತಿ. ಇಂಥ ಕಡೆ ಬದುಕಲು ಯಾವ ಹಳೆಯ ಯಂತ್ರದ ಸ್ವಭಾವ ಒಪ್ಪುತ್ತದೆ? ಎಂಐಟಿಯ ಒಂದೇ ಕಟ್ಟಡದಲ್ಲಿ ಎರಡು ಉತ್ತರಗಳು ಬೆಳೆದವು. ಮಲ್ಟಿಕ್ಸ್ ತಂಡ ಒಳಸುತ್ತು, ಹೊರಸುತ್ತು ಎಂದು ರಕ್ಷಣೆಯ ಉಂಗುರಗಳನ್ನು ಕಟ್ಟಿ, ಪ್ರತಿ ಕಡತಕ್ಕೂ ಯಾರಿಗೆ ಪ್ರವೇಶ ಎಂಬ ಪಟ್ಟಿ ಅಂಟಿಸಿತು. ಕೃತಕ ಬುದ್ಧಿಮತ್ತೆ ಪ್ರಯೋಗಾಲಯದವರು ಬರೆದ ಐಟಿಎಸ್‌ನಲ್ಲಿ ಆರಂಭದಲ್ಲಿ ಪಾಸ್‌ವರ್ಡೇ ಇರಲಿಲ್ಲ. ಇಡೀ ಯಂತ್ರವನ್ನು ಕೆಡವುವ ಆಜ್ಞೆಯನ್ನು ಎಲ್ಲರಿಗೂ ಬಹಿರಂಗವಾಗಿ ಕೊಟ್ಟುಬಿಟ್ಟಿದ್ದರು, ಕೆಡವಿ ಮೆರೆಯುವುದರಲ್ಲಿ ಯಾವ ಹೆಚ್ಚುಗಾರಿಕೆಯೂ ಉಳಿಯಲಿಲ್ಲ. ಇನ್ನೊಬ್ಬರ ಪರದೆಯನ್ನು ಇಣುಕಿ ನೋಡುವ ಪ್ರೋಗ್ರಾಮೂ ಇತ್ತು. ಅದಕ್ಕೆ ಪ್ರತಿಯಾಗಿ ಇಣುಕುವವರನ್ನು ಹಿಡಿಯುವ ಪ್ರೋಗ್ರಾಮನ್ನು ಎಫ್‌ಬಿಐನ ಜೆ. ಎಡ್ಗರ್ ಹೂವರ್ ನೆನಪಿಗೆ ಜೆಡ್ಗರ್ ಎಂದು ಕರೆದರು. ಇಣುಕಿದವನ ಕೆಲಸವನ್ನೇ ಅದು ಕೊಂದುಹಾಕುತ್ತಿತ್ತು. ಜಗಳ ಅತಿಯಾದಾಗ ಕೊಂದಂತೆ ನಟಿಸುವ ಪ್ರತಿಯನ್ನು ಸದ್ದಿಲ್ಲದೆ ಅದರ ಜಾಗಕ್ಕೆ ತಂದಿಟ್ಟರು. ರೇಡಿಯೋ ಬಯಲಿಗೆ ಒಗ್ಗುವುದು ಈ ಎರಡನೇ ಸ್ವಭಾವ. ಹ್ಯಾಮ್‌ಗಳ ಯಾವ ಫ್ರೀಕ್ವೆನ್ಸಿಯನ್ನಾದರೂ ಯಾರು ಬೇಕಾದರೂ ಸುಮ್ಮನೆ ಟ್ರಾನ್ಸ್‌ಮಿಟ್ ಗುಂಡಿ ಒತ್ತಿಹಿಡಿದು ಕೆಡಿಸಬಹುದು. ಆ ಆಜ್ಞೆಯೂ ಎಲ್ಲರ ಕೈಯಲ್ಲಿದೆ. ಒಮ್ಮೊಮ್ಮೆ ಕೆಡಿಸುವವರೂ ಇದ್ದಾರೆ. ಆದರೂ ಬೀಗವಿಲ್ಲದ ಆ ಫ್ರೀಕ್ವೆನ್ಸಿಗಳಲ್ಲಿ ದಶಕಗಳಿಂದ ಮಾತು ನಡೆದುಬಂದಿದೆ.

ಇಲ್ಲಿ ಗಟ್ಟಿಯಾದ ಆಕ್ಷೇಪವೊಂದು ಏಳುತ್ತದೆ. ಮುಚ್ಚಿಡಲು ಏನೂ ಇಲ್ಲದವನಿಗೆ ಭಯವೇಕೆ ಎಂಬ ಮಾತನ್ನು ಪ್ರತಿಯೊಂದು ನಿರಂಕುಶ ಸರ್ಕಾರವೂ ಆಡಿದೆ. ಬಯಲನ್ನು ಹೊಗಳುವವನು ತಿಳಿಯದೆಯೇ ಅದರ ವಕೀಲನಾಗುವುದಿಲ್ಲವೆ? ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರಲ್ಲಿ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿತು. ಆ ತೀರ್ಪಿನ ಒಂದಕ್ಷರವನ್ನೂ ನಾನು ಅಲ್ಲಗಳೆಯಲಾರೆ. ಕಾಣುವುದರಲ್ಲೇ ಎರಡು ಬಗೆ ಇವೆ ಎಂಬುದಷ್ಟೇ ನನ್ನ ಉತ್ತರ. ಜೆರೆಮಿ ಬೆಂಥಾಮ್ ಕಲ್ಪಿಸಿದ ಸೆರೆಮನೆಯಲ್ಲಿ ನಡುಗೋಪುರದ ಕಾವಲುಗಾರ ಎಲ್ಲರನ್ನೂ ನೋಡುತ್ತಾನೆ, ಅವನನ್ನು ಯಾರೂ ನೋಡಲಾರರು. ಅಲ್ಲಿ ನೋಟವೇ ಅಧಿಕಾರ. ಹ್ಯಾಮ್ ಬ್ಯಾಂಡಿನಲ್ಲಿ ಗೋಪುರವಿಲ್ಲ. ನಿಜ, ಕೇಳುವವನು ಅಲ್ಲೂ ಕಾಣುವುದಿಲ್ಲ, ಸುಮ್ಮನೆ ಕೇಳಿಸಿಕೊಳ್ಳುವವನನ್ನು ಹಿಡಿಯುವ ಜೆಡ್ಗರ್ ಕೂಡ ಇಲ್ಲ. ಆದರೆ ಅವನಿಗೆ ಕೇಳಿದ್ದು ಪಕ್ಕದ ಬೀದಿಯ ಶಾಲಾ ಹುಡುಗಿಗೂ ಕೇಳುತ್ತದೆ. ಎಲ್ಲರಿಗೂ ತಿಳಿದದ್ದನ್ನು ತಾನೂ ತಿಳಿದುಕೊಂಡಿರುವುದರಿಂದ ಯಾರಿಗೂ ಯಾರ ಮೇಲೂ ಹಿಡಿತ ಸಿಕ್ಕುವುದಿಲ್ಲ. ಇಮ್ಯಾನುಯೆಲ್ ಕಾಂಟ್ 1795ರ ತನ್ನ ಶಾಶ್ವತ ಶಾಂತಿಯ ಪ್ರಬಂಧದಲ್ಲಿ, ಇತರರ ಹಕ್ಕಿಗೆ ಸಂಬಂಧಿಸಿದ ಯಾವ ನಡೆ ತನ್ನ ನಿಯಮವನ್ನು ಬಹಿರಂಗವಾಗಿ ಹೇಳಿಕೊಳ್ಳಲಾರದೋ ಅದು ಅನ್ಯಾಯದ್ದು ಎಂಬ ಒರೆಗಲ್ಲನ್ನು ಕೊಟ್ಟ. ಆ ಒರೆಗಲ್ಲು ಉಜ್ಜುವುದು ನಡೆಯ ನಿಯಮವನ್ನು, ಮನೆಯೊಳಗಿನ ಮಾತನ್ನಲ್ಲ. ಸರ್ಕಾರದ ಕದ್ದಾಲಿಕೆಯನ್ನು ಅದರ ಮೇಲೆ ಉಜ್ಜಿ ನೋಡಿ, ಕೂಡಲೇ ಸೋಲುತ್ತದೆ. ಎಲ್ಲರಿಗೂ ಕೇಳುತ್ತದೆ ಎಂದು ಮೊದಲೇ ಸಾರಿ, ಇಷ್ಟವಿದ್ದವರನ್ನಷ್ಟೇ ಕರೆಯುವ ಬಯಲು ಗೆಲ್ಲುತ್ತದೆ.

ಎರಡನೇ ಆಕ್ಷೇಪ ಇನ್ನೂ ಹರಿತವಾದದ್ದು. ಗುಟ್ಟಿಲ್ಲದ ಹೆಸರನ್ನು ಯಾರು ಬೇಕಾದರೂ ಹಾಕಿಕೊಳ್ಳಬಹುದಲ್ಲ? ಇನ್ನೊಬ್ಬರ ಕಾಲ್‌ಸೈನನ್ನು ಪ್ಯಾಕೆಟ್ಟಿನ ತಲೆಗೆ ಬರೆಯಲು ಎರಡು ನಿಮಿಷ ಸಾಕು. ಕನ್ನಡದ ಓದುಗರಿಗೆ ಈ ಸಮಸ್ಯೆ ಹೊಸದಲ್ಲ: ವಚನಗಳ ಅಂಕಿತವೂ ಎಲ್ಲರಿಗೂ ಗೊತ್ತಿದ್ದ ಗುರುತೇ, ಅದನ್ನಿಟ್ಟು ಬೇರೆಯವರು ಕಟ್ಟಿದ ವಚನಗಳೂ ಹಸ್ತಪ್ರತಿಗಳಲ್ಲಿ ನುಸುಳಿದವು. ಅವನ್ನು ವಿದ್ವಾಂಸರು ಭಾಷೆ, ಶೈಲಿ, ಪ್ರತಿಗಳ ಪರಂಪರೆ ನೋಡಿ ಸೋಸಬೇಕಾಯಿತು. ಹ್ಯಾಮ್‌ಗಳೂ ಸಿಗ್ನಲ್ಲಿನ ಬಲ, ಬರುವ ದಿಕ್ಕು, ಮಾತಿನ ರೂಢಿ ಇವುಗಳಿಂದ ಕಪಟವನ್ನು ಪತ್ತೆ ಮಾಡುವುದುಂಟು. ಆದರೆ ಯಂತ್ರಕ್ಕೆ ಅಂಥ ಕಿವಿಯಿಲ್ಲ. ಇದಕ್ಕೆ ಮದ್ದನ್ನು ಲೆಸ್ಲಿ ಲ್ಯಾಂಪೋರ್ಟ್ 1981ರಲ್ಲೇ ಸೂಚಿಸಿದ್ದರು. ನನ್ನ ಬಳಿ ಇರುವ ಒಂದು ಗುಟ್ಟನ್ನು ಹಿಂದಕ್ಕೆ ಬಿಡಿಸಲಾಗದ ಲೆಕ್ಕಕ್ಕೆ ಸಾವಿರ ಸಲ ಒಡ್ಡಿ, ಕೊನೆಯ ಫಲವನ್ನಷ್ಟೇ ಯಂತ್ರಕ್ಕೆ ಕೊಟ್ಟಿರುತ್ತೇನೆ. ಲಾಗಿನ್ ಆಗುವಾಗ 999ನೇ ಸಲದ ಫಲವನ್ನು ಎಲ್ಲರಿಗೂ ಕೇಳುವಂತೆ ಕಳಿಸುತ್ತೇನೆ. ಯಂತ್ರ ಅದರ ಮೇಲೆ ಲೆಕ್ಕವನ್ನು ಇನ್ನೊಮ್ಮೆ ನಡೆಸಿ ತನ್ನಲ್ಲಿರುವುದಕ್ಕೆ ತಾಳೆಯಾಯಿತೇ ಎಂದು ನೋಡುತ್ತದೆ. ಕೇಳಿಸಿಕೊಂಡವನಿಗೆ ಅದರಿಂದ ಉಪಯೋಗವಿಲ್ಲ. ಮುಂದಿನ ಸಲ ಬೇಕಾದದ್ದು 998, ಅಲ್ಲಿಗೆ ಅವನು ಹಿಂದೆ ನಡೆಯಲಾರ. ಇದನ್ನು ಎಸ್/ಕೀ ಎಂಬ ಹೆಸರಿನಲ್ಲಿ ಬಳಕೆಗೆ ತಂದ ಬೆಲ್‌ಕೋರ್ ಸಂಸ್ಥೆಯ ಮೂವರಲ್ಲಿ ಒಬ್ಬರು ಫಿಲ್ ಕಾರ್ನ್. ಪ್ಯಾಕೆಟ್ ರೇಡಿಯೋ ಮೇಲೆ ಇಂಟರ್‌ನೆಟ್ಟಿನ ಟಿಸಿಪಿ/ಐಪಿ ಓಡಿಸಿದ ತಂತ್ರಾಂಶಕ್ಕೆ ತಮ್ಮ ಕಾಲ್‌ಸೈನ್ ಕೆಎ9ಕ್ಯೂ ಎಂಬುದನ್ನೇ ಇಟ್ಟವರೂ ಅವರೇ. ಗೂಢಲಿಪಿಯ ಪುಸ್ತಕವೊಂದನ್ನು ರಫ್ತು ಮಾಡಬಹುದು, ಅದರಲ್ಲಿರುವುದನ್ನೇ ಫ್ಲಾಪಿಯಲ್ಲಿ ಕಳಿಸಿದರೆ ಅದು ಯುದ್ಧಸಾಮಗ್ರಿ ಎಂದ ಅಮೆರಿಕ ಸರ್ಕಾರದ ವಿರುದ್ಧ 1990ರ ದಶಕದಲ್ಲಿ ಕೋರ್ಟು ಹತ್ತಿದವರು ಕೂಡ ಅವರೇ. ಬಯಲಿನ ಮಾತನ್ನು ಪ್ರೀತಿಸಿದವರು ಗೂಢಲಿಪಿಯ ಹಕ್ಕಿಗೂ ಹೋರಾಡಿದ್ದರಲ್ಲಿ ನನಗೆ ವಿರೋಧಾಭಾಸ ಕಾಣುವುದಿಲ್ಲ. ಎಸ್/ಕೀ ಏನನ್ನೂ ಮರೆಮಾಚಿ ಹೇಳುವುದಿಲ್ಲ. ಅದು ಕಳಿಸುವ ಪದಗಳ ಅರ್ಥ ‘ಇದು ನಾನೇ’ ಎಂಬುದಷ್ಟೇ, ಆ ಅರ್ಥ ಎಲ್ಲರಿಗೂ ಗೊತ್ತು. ಗುಟ್ಟು ಇದೆ, ಆದರೆ ಅದು ಗಾಳಿಗೆ ಇಳಿಯುವುದೇ ಇಲ್ಲ.

ಪಾಸ್‌ವರ್ಡಿನ ಜಗತ್ತು ಇದಕ್ಕೆ ಉಲ್ಟಾ. ಅಲ್ಲಿ ನಾನು ನಾನೇ ಎಂದು ತೋರಿಸಲು ನನ್ನ ಗುಟ್ಟನ್ನೇ ಎದುರಿನವನ ಕೈಗೆ ಇಡಬೇಕು, ಆಮೇಲೆ ಅದು ಸೋರದಂತೆ ದಾರಿಯುದ್ದಕ್ಕೂ ಗೋಡೆ ಕಟ್ಟಬೇಕು. ಗೂಢಲಿಪಿ ನಮಗೆ ಅನಿವಾರ್ಯವಾಗಿ ಕಂಡದ್ದರ ಒಂದು ಕಾರಣ ಈ ಹಳೆಯ ಎಡವಟ್ಟು. ಹಾಗೆಂದು ಎಲ್ಲ ಮಾತೂ ಬಯಲಿಗೆ ಬರಬೇಕೆಂಬ ಹಟ ನನಗಿಲ್ಲ. ರೋಗಿಯ ವಿವರ, ದೌರ್ಜನ್ಯಕ್ಕೆ ಸಿಕ್ಕವಳ ವಿಳಾಸ, ಪತ್ರಕರ್ತನಿಗೆ ಸುದ್ದಿ ಕೊಟ್ಟವನ ಹೆಸರು ಇವಕ್ಕೆ ಮುಚ್ಚಿದ ದಾರಿಯೇ ಬೇಕು. ತುರ್ತು ಸೇವೆಯ ಮಟ್ಟಿಗಾದರೂ ಹ್ಯಾಮ್‌ಗಳಿಗೆ ಗೂಢಲಿಪಿ ಕೊಡಿ ಎಂಬ ಅರ್ಜಿ ಅಮೆರಿಕದಲ್ಲಿ 2013ರಲ್ಲಿ ಬಂದಾಗ ಅಲ್ಲಿನ ಸಂಪರ್ಕ ಆಯೋಗ ಅದನ್ನು ಒಪ್ಪಲಿಲ್ಲ. ಅದು ಸರಿಯೆಂದೇ ನನ್ನ ಎಣಿಕೆ. ಮುಚ್ಚಿದ ದಾರಿಗಳು ಬೇರೆಡೆ ಬೇಕಾದಷ್ಟಿವೆ. ಬ್ಯಾಂಡಿನಲ್ಲಿ ನಡೆಯುತ್ತಿರುವುದು ವ್ಯಾಪಾರವೋ ಹವ್ಯಾಸವೋ ಎಂದು ಹ್ಯಾಮ್‌ಗಳೇ ಪರಸ್ಪರ ಕೇಳಿ ತಿಳಿಯುವ ಏರ್ಪಾಟು, ಒಮ್ಮೆ ಅರ್ಥ ಮರೆಸಲು ಬಿಟ್ಟರೆ, ಉಳಿಯದು. ಐಟಿಎಸ್‌ನ ನಂಬಿಕೆ ಒಂದು ಸಣ್ಣ ಬಳಗದ ಸಲುಗೆ, ನೆಟ್‌ವರ್ಕಿನಿಂದ ಅಪರಿಚಿತರು ಹರಿದು ಬಂದಾಗ ಅಲ್ಲೂ ಪಾಸ್‌ವರ್ಡ್ ಬೇಕಾಯಿತಲ್ಲ ಎನ್ನುವವರಿಗೆ, ಹೌದು ಎಂದೇ ಹೇಳಬೇಕು. ಹ್ಯಾಮ್ ಬಯಲಿಗೂ ಪರೀಕ್ಷೆ, ಪರವಾನಗಿ ಎಂಬ ಹೊಸ್ತಿಲಿದೆ. ಹೊಸ್ತಿಲೇ ಇಲ್ಲದ ಬಯಲಿನ ಬಗ್ಗೆ ನನ್ನ ವಾದ ಏನನ್ನೂ ಹೇಳುವುದಿಲ್ಲ.

ಹಳೆಯ ಯಂತ್ರವನ್ನು ಗಾಳಿಗೆ ಬಿಡುವವರು ಹಾಗಾದರೆ ಮಾಡಬೇಕಾದದ್ದು ಸರಳವಿದೆ. ಓದಲು, ಆಡಲು, ಒಂದೆರಡು ಸಾಲು ಬೇಸಿಕ್ ಬರೆದು ನೋಡಲು ಪಾಸ್‌ವರ್ಡಿಲ್ಲದ ಅತಿಥಿ ಖಾತೆ. ಯಂತ್ರವನ್ನು ತಿದ್ದುವ ಖಾತೆಗೆ ಒಂದೇ ಸಲ ಬಳಸುವ ಪದ. ಗುಟ್ಟಾಗಿರಬೇಕಾದ ಯಾವ ಕಡತವನ್ನೂ ಅದರಲ್ಲಿ ಇಡದಿರುವುದು. ಇಷ್ಟಾದರೂ ಒಂದು ಬಿರುಕು ಉಳಿಯುತ್ತದೆ. ಒಂದೇ ಸಲ ಬಳಸುವ ಪದ ಬಾಗಿಲನ್ನಷ್ಟೇ ಕಾಯುತ್ತದೆ. ಒಳಗೆ ಹೋದ ಮೇಲೆ ಅದೇ ಕಾಲ್‌ಸೈನ್ ಹಾಕಿಕೊಂಡ ಇನ್ನೊಬ್ಬನು ನಡುವೆ ಒಂದು ಸಾಲು ತೂರಿಸಿದರೆ ಯಂತ್ರಕ್ಕೆ ಗೊತ್ತಾಗುವುದಿಲ್ಲ. ಪ್ರತಿ ಸಾಲಿಗೂ ಡಿಜಿಟಲ್ ಸಹಿ ಹಾಕಿಸಬಹುದು, ಅದು ಅರ್ಥ ಮರೆಸುವುದಲ್ಲವಾದ್ದರಿಂದ ನಿಯಮಕ್ಕೂ ಅಡ್ಡಬಾರದು; ಆದರೆ ಆ ಸಹಿಯನ್ನು ಪಿಡಿಪಿ-10 ತಾನೇ ಓದಲಾರದು, ಅದರ ಮುಂದೆ ಇನ್ನೊಂದು ಯಂತ್ರವನ್ನು ಕಾವಲಿಗೆ ಕೂರಿಸಬೇಕು. ಕೂರಿಸದಿದ್ದರೆ, ನಡುವೆ ತೂರಿದ ಆ ಸಾಲನ್ನು ಗುರುತಿಸಬೇಕಾದವರು ಅದೇ ಹೊತ್ತಿಗೆ ಅದೇ ಫ್ರೀಕ್ವೆನ್ಸಿಯನ್ನು ಕೇಳಿಸಿಕೊಳ್ಳುತ್ತಿರುವ ಬೇರೆ ಹ್ಯಾಮ್‌ಗಳು.