ಹೊಗೆಗೆ ಗಡಿಯಿಲ್ಲ, ಹೊಣೆಗೆ?

ಒಂದು ರಾಜ್ಯದ ವಿದ್ಯುತ್ ಸ್ಥಾವರದ ಹೊಗೆಯು ಮತ್ತೊಂದು ರಾಜ್ಯದ ಕೆರೆಗಳ ಮೇಲೆ ಆಮ್ಲಮಳೆಯಾಗಿ ಸುರಿದರೆ ಹೊಣೆ ಯಾರದು? ಅಮೆರಿಕದ ಸಂಸತ್ತು 1990ರಲ್ಲಿ ಇದಕ್ಕೆ ಉತ್ತರ ನೀಡಿತು. ಶುದ್ಧ ವಾಯು ಕಾಯಿದೆಗೆ ಎರಡೂ ಪಕ್ಷಗಳ ಸಮ್ಮತಿಯಿಂದ ತಿದ್ದುಪಡಿ ತಂದು, ಸ್ಥಾವರಗಳು ಹೊರಬಿಡುವ ಗಂಧಕದ ಡೈಆಕ್ಸೈಡ್‌ಗೆ ಒಟ್ಟು ಮಿತಿಯನ್ನು ವಿಧಿಸಿತು. ಮಾಲಿನ್ಯ ಇಳಿಯಿತು.

ಇಂಗಾಲದ ವಿಷಯದಲ್ಲಿ ಆ ಒಮ್ಮತ ಮೂಡಲಿಲ್ಲ. ಆಗ ಒಕ್ಕೂಟ ಸರ್ಕಾರದ ಪರಿಸರ ಸಂರಕ್ಷಣಾ ಸಂಸ್ಥೆಯೇ 2015ರಲ್ಲಿ, ವಿದ್ಯುದುತ್ಪಾದನೆಯನ್ನು ಕಲ್ಲಿದ್ದಲಿನಿಂದ ಅನ್ಯ ಮೂಲಗಳತ್ತ ಹೊರಳಿಸುವ ನಿಯಮವನ್ನು ರೂಪಿಸಿತು. ಪಶ್ಚಿಮ ವರ್ಜೀನಿಯಾ ಮೊದಲಾದ ರಾಜ್ಯಗಳು ವಿರೋಧಿಸಿದವು. ಸಂಸತ್ತಿನ ಸ್ಪಷ್ಟ ಅನುಮತಿಯಿಲ್ಲದೆ ಸಂಸ್ಥೆಗೆ ಅಷ್ಟು ಅಧಿಕಾರವಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2022ರಲ್ಲಿ ತೀರ್ಪಿತ್ತಿತು.

ಗಣಿಕಾರ್ಮಿಕನ ಅನ್ನದ ಚಿಂತೆ ಸುಳ್ಳಲ್ಲ. ಅವನಿಗೆ ಬೇರೆ ದಾರಿ ತೋರದ ನಿಯಮ ಅರೆನ್ಯಾಯವೇ ಸರಿ. ಆದರೆ ಅಧಿಕಾರ ಯಾರದೆಂಬುದು ಒಂದು ಪ್ರಶ್ನೆ, ಕರ್ತವ್ಯವೇನೆಂಬುದು ಬೇರೆಯೇ ಪ್ರಶ್ನೆ. ನ್ಯಾಯಾಲಯ ಮೊದಲನೆಯದನ್ನಷ್ಟೇ ತೀರ್ಮಾನಿಸಿತು. ‘ಇದು ಸಂಸತ್ತಿನ ಅಧಿಕಾರ’ ಎಂದು ವಾದಿಸಿ ಗೆದ್ದವರು ಸಂಸತ್ತಿನಲ್ಲಿ ಮೌನ ವಹಿಸುವುದು ಸಲ್ಲದು. ಅಧಿಕಾರವನ್ನು ತನ್ನಲ್ಲಿ ಉಳಿಸಿಕೊಂಡವನು, ಅದನ್ನು ಬಳಸದೆ ಆದ ಹಾನಿಗೂ ಹೊಣೆಗಾರನೇ.