ಕೊನೆಯ ಪುಟವನ್ನು ಮೊದಲು ಓದುವವರು

ನಮ್ಮ ಅತ್ತೆಯವರಿಗೆ ಒಂದು ಕೆಟ್ಟ ಅಭ್ಯಾಸವಿತ್ತು. ಪತ್ತೇದಾರಿ ಕಾದಂಬರಿ ಕೈಗೆ ಸಿಕ್ಕಿದರೆ ಕನ್ನಡಕ ಹಾಕಿಕೊಂಡು ಮೊದಲು ಕೊನೆಯ ಪುಟ ಓದುತ್ತಿದ್ದರು. ಕೊಲೆಗಾರ ಯಾರೆಂದು ಗೊತ್ತಾದ ಮೇಲೆ ಕಾಲು ನೀಡಿಕೊಂಡು, ಹುರಿಗಡಲೆ ಬಾಯಿಗೆ ಹಾಕಿಕೊಳ್ಳುತ್ತಾ, ಒಂದನೆಯ ಪುಟದಿಂದ ಶುರು ಮಾಡುವರು. ಮದುವೆಯಾದ ಹೊಸತರಲ್ಲಿ ಇದನ್ನು ಕಂಡು ನನಗೆ ಮೈಯೆಲ್ಲಾ ಉರಿಯುತ್ತಿತ್ತು. "ಹಾಗಾದರೆ ಓದೋದು ಯಾಕೆ ಅತ್ತೆ, ಮಜಾನೇ ಹೋಯಿತಲ್ಲ" ಎಂದರೆ, "ಯಾರು ಅನ್ನೋ ಗಾಬರಿ ಹೋದರೆ ಯಾಕೆ ಅನ್ನೋದು ಕಾಣುತ್ತೆ ಕಣಮ್ಮ" ಎನ್ನುವರು. ಅವರು ಓದಿದ್ದು ನಾಲ್ಕನೆಯ ತರಗತಿ. ನಾನು ಬಿ.ಎ., ಬಿ.ಎಡ್. ಆ ಮಾತಿಗೆ ಬೆಲೆ ಕೊಡಲಿಲ್ಲ.

ಕೊನೆಯ ಪುಟವನ್ನು ಕೊನೆಗೇ ಓದಬೇಕೆಂಬುದು ನನ್ನ ಮಟ್ಟಿಗೆ ಮಡಿಯಷ್ಟೇ ಕಟ್ಟುನಿಟ್ಟು. ನಾನು ಬೆಳೆದದ್ದು ಅರಸೀಕೆರೆಯಲ್ಲಿ. ತಂದೆ ರೈಲ್ವೆಯಲ್ಲಿ ಗುಮಾಸ್ತರು. ಪ್ರಯಾಣಿಕರು ಬೆಂಚಿನ ಮೇಲೆ ಬಿಟ್ಟುಹೋದ ಎನ್. ನರಸಿಂಹಯ್ಯನವರ ಪುಟ್ಟ ಪುಟ್ಟ ಕಾದಂಬರಿಗಳು ನಮ್ಮ ಮನೆ ಸೇರುತ್ತಿದ್ದವು. ಪತ್ತೇದಾರ ಪುರುಷೋತ್ತಮನನ್ನು ಭೂಗೋಳದ ಪುಸ್ತಕದೊಳಗೆ ಬಚ್ಚಿಟ್ಟು ಓದಿ, ಸಿಕ್ಕಿಬಿದ್ದು ಬೆನ್ನಿಗೆ ಗುದ್ದು ತಿಂದಿದ್ದೇನೆ. ಕಾಲೇಜಿನ ದಿನಗಳಲ್ಲಿ ಯಂಡಮೂರಿ ವೀರೇಂದ್ರನಾಥರ 'ತುಳಸಿದಳ' ತೆಲುಗಿನಿಂದ ಕನ್ನಡಕ್ಕೆ ಬಂದಿತ್ತು. ಅದನ್ನು ಓದಿದ ವಾರವೆಲ್ಲ ರಾತ್ರಿ ಹಿತ್ತಿಲಿಗೆ ಹೋಗಬೇಕಾದರೆ ಅಮ್ಮನನ್ನು ಎಬ್ಬಿಸಬೇಕು. ಆ ಭಯ ಇಳಿಸಲು ಬೀಚಿಯವರ ತಿಂಮನೇ ಬೇಕಾಯಿತು. ಬಿ.ಎಡ್. ಹಾಸ್ಟೆಲಿನಲ್ಲಿ ಇಂಗ್ಲಿಷ್ ಸುಧಾರಿಸಲಿ ಎಂದು ನಿಘಂಟು ಪಕ್ಕದಲ್ಲಿಟ್ಟುಕೊಂಡು ಷರ್ಲಾಕ್ ಹೋಮ್ಸ್, ಅಗಾಥಾ ಕ್ರಿಸ್ಟಿ, ವುಡ್‌ಹೌಸ್ ಹಿಡಿದೆ. ಇಂಗ್ಲಿಷ್ ಎಷ್ಟು ಸುಧಾರಿಸಿತೋ ಕಾಣೆ, ಜಂಬವಂತೂ ಬಂತು. ಯಾರ ಚಪ್ಪಲಿ ನೋಡಿದರೂ ಅವರು ಎಲ್ಲಿಗೆ ಹೋಗಿ ಬಂದರು ಎಂದು ಊಹಿಸುವ ಚಾಳಿ.

ಆ ಚಾಳಿ ಕೆಲಸಕ್ಕೆ ಬಂದದ್ದು 1996ರಲ್ಲಿ. ಎಂಟನೆಯ ತರಗತಿಯ ಹುಡುಗಿಯರು ಬೇಲೂರು ಹಳೇಬೀಡಿಗೆ ಪ್ರವಾಸ ಹೊರಟಿದ್ದರು, ತಲೆಗೆ 50 ರೂಪಾಯಿ. ತರಗತಿಯ ಲೀಡರಿನ ಜಾಮಿಟ್ರಿ ಬಾಕ್ಸಿನಲ್ಲಿ 600 ರೂಪಾಯಿ ಸೇರಿತ್ತು. ಆಟದ ಪೀರಿಯಡ್ ಮುಗಿಸಿ ಬಂದು ನೋಡಿದರೆ ಒಂದು 50ರ ನೋಟು ಇಲ್ಲ. ಬೆಳಗ್ಗೆ ಮಳೆಯಾಗಿ ಮೈದಾನವೆಲ್ಲ ಕೆಮ್ಮಣ್ಣಿನ ಕೆಸರು. ಮಕ್ಕಳೆಲ್ಲರ ಪಾದಗಳೂ ಕೆಂಪು. ಕಿಟಕಿಯ ಪಕ್ಕದ ಬೆಂಚಿನ ಹುಡುಗಿಯದು ಮಾತ್ರ ಶುಭ್ರ. 'ಸಿಲ್ವರ್ ಬ್ಲೇಜ್' ಕಥೆಯಲ್ಲಿ ನಾಯಿ ಬೊಗಳದೆ ಇದ್ದದ್ದೇ ಹೋಮ್ಸನಿಗೆ ಸುಳಿವಾಗುವುದಿಲ್ಲವೆ, ಹಾಗೆ ನನಗೆ ಇಲ್ಲದ ಕೆಸರು ಸಿಕ್ಕಿತು. ಅವಳನ್ನು ಪಕ್ಕಕ್ಕೆ ಕರೆದು ಕೇಳಬಹುದಿತ್ತು. ಕ್ರಿಸ್ಟಿಯ ಪಾಯ್ರೋ ಹಾಗೆ ಮಾಡುತ್ತಾನೆಯೇ? ಎಲ್ಲರನ್ನೂ ಒಂದೆಡೆ ಕೂರಿಸಿ, ಎಳೆ ಎಳೆಯಾಗಿ ಬಿಡಿಸಿ, ಕೊನೆಗೆ ಬೆರಳು ತೋರಿಸುತ್ತಾನೆ. ನಾನೂ ಹಾಗೇ ಮಾಡಿದೆ. "ನೀನು ಎಲ್ಲಿದ್ದೆ?" ಎಂದೆ. "ಥ್ರೋ ಬಾಲ್ ಆಡ್ತಿದ್ದೆ ಮಿಸ್" ಎಂದಳು. "ಕಾಲು ತೋರಿಸು" ಎಂದೆ. ತರಗತಿ ಉಸಿರು ಹಿಡಿದು ನೋಡುತ್ತಿತ್ತು. ಅವಳು ಲಂಗದ ನಡುವಿಗೆ ಸಿಕ್ಕಿಸಿಕೊಂಡಿದ್ದ ನೋಟು ತೆಗೆದು ಮೇಜಿನ ಮೇಲಿಟ್ಟಳು. ಆ ಕ್ಷಣ ನನಗಾದದ್ದು ಸಂತೋಷ. ಸುಳ್ಳು ಹೇಳಿ ಏನು ಪ್ರಯೋಜನ?

ಸಂಜೆ ಮನೆಯಲ್ಲಿ ಕಥೆಯಾಗಿ ಹೇಳಿದೆ. ಅತ್ತೆ ಅವರೆಕಾಯಿ ಬಿಡಿಸುತ್ತಾ ಕೇಳಿಸಿಕೊಂಡು, "ಆರು ನೂರು ಇತ್ತು ಅಂತೀಯ, ಐವತ್ತೇ ಯಾಕೆ ತೊಗೊಂಡಳಂತೆ?" ಎಂದರು.

ಆ ಸುಳಿವು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಮರುದಿನ ಹುಡುಗಿ ಬರಲಿಲ್ಲ, ಮುಂದಿನ ವಾರವೂ ಇಲ್ಲ. ವಿಳಾಸ ಹುಡುಕಿಕೊಂಡು ಹೋದೆ. ಪ್ರವಾಸಕ್ಕೆಂದು ತಾಯಿ ಕೂಡಿಟ್ಟಿದ್ದ ಹಣವನ್ನು ಅಪ್ಪ ಹಿಂದಿನ ರಾತ್ರಿ ಕುಡಿದು ಮುಗಿಸಿದ್ದ. ಮಗು ತನ್ನ ಪಾಲಿನದಷ್ಟನ್ನೇ ತೆಗೆದು, ತನ್ನ ಹೆಸರಿನಲ್ಲಿ ಕೊಡಬೇಕೆಂದಿದ್ದಳು. "ಅಜ್ಜಿ ಊರಿಗೆ ಕಳಿಸ್ಬಿಟ್ಟೆ ಮೇಡಂ, ಇನ್ನು ಆ ಕ್ಲಾಸಲ್ಲಿ ಹೆಂಗೆ ಕೂತ್ಕೊಳ್ತಾಳೆ" ಎಂದರು ತಾಯಿ. ಅವಳು ಮತ್ತೆ ಶಾಲೆಗೆ ಬರಲಿಲ್ಲ.

ಪತ್ತೇದಾರಿ ಕಾದಂಬರಿ ಬೆರಳು ತೋರಿಸಿದಲ್ಲಿಗೆ ಮುಗಿಯುತ್ತದೆ. ಬೆರಳು ತೋರಿಸಿಕೊಂಡವರು ಆಮೇಲೆ ಮನೆಗೆ ಹೇಗೆ ಹೋದರು ಎಂಬುದಕ್ಕೆ ಪುಟವಿಲ್ಲ. ಹಾಗೆಂದು ಆ ಲೇಖಕರಿಗೆ ಇದು ತಿಳಿಯದೆ ಇರಲಿಲ್ಲ. ಮತ್ತೆ ಓದಿದಾಗ, ಮೊದಲ ಸಲ ಅವಸರದಲ್ಲಿ ದಾಟಿಹೋಗಿದ್ದ ಜಾಗಗಳು ಕಂಡವು. 1892ರ 'ಬ್ಲೂ ಕಾರ್ಬಂಕಲ್' ಕಥೆಯಲ್ಲಿ ಬಾತಿನ ಹೊಟ್ಟೆಯೊಳಗೆ ರತ್ನ ಸಿಕ್ಕಿ, ಕಳ್ಳನೂ ಸಿಕ್ಕಿ, ಹೋಮ್ಸ್ ಅವನನ್ನು ಬಿಟ್ಟುಬಿಡುತ್ತಾನೆ. ಜೈಲಿಗೆ ಕಳಿಸಿದರೆ ಜನ್ಮವೆಲ್ಲ ಜೈಲಿನವನೇ ಆಗಿಬಿಡುತ್ತಾನೆಂದು. 1904ರ 'ಅಬೇ ಗ್ರೇಂಜ್' ಕಥೆಯಲ್ಲಿ ಕೊಂದವನನ್ನೇ ಬಿಡುತ್ತಾನೆ, ವಾಟ್ಸನ್ನನನ್ನು ಜ್ಯೂರಿಯಾಗಿ ಕೂರಿಸಿ ತೀರ್ಪು ಹೇಳಿಸುತ್ತಾನೆ. ಕ್ರಿಸ್ಟಿಯವರ 1934ರ 'ಓರಿಯಂಟ್ ಎಕ್ಸ್‌ಪ್ರೆಸ್' ಕಾದಂಬರಿಯನ್ನು ಓದದವರು ಈ ಪ್ಯಾರಾದ ಉಳಿದ ಭಾಗವನ್ನು ಬಿಟ್ಟು ಮುಂದೆ ಹೋಗುವುದು ಒಳ್ಳೆಯದು. ಹಿಮದಲ್ಲಿ ಸಿಕ್ಕಿಕೊಂಡ ರೈಲು, ಹನ್ನೆರಡು ಇರಿತ, ಇರಿದವರೂ ಹನ್ನೆರಡು ಜನ. ಪಾಯ್ರೋ ನಿಜವನ್ನೂ ಹೇಳುತ್ತಾನೆ, ಪೊಲೀಸರಿಗೆ ಕೊಡಲು ಒಂದು ಸುಳ್ಳನ್ನೂ ಮುಂದಿಡುತ್ತಾನೆ. ಸುಳ್ಳನ್ನೇ ಆರಿಸುತ್ತಾರೆ.

ನಾನೂ ಅವರೊಂದಿಗೆ ಸುಳ್ಳಿಗೇ ಕೈ ಎತ್ತಿದವಳು. ಆದರೆ ಗಮನಿಸಿ, ಲೇಖಕರು ಎಷ್ಟು ಜಾಣರು. ರೈಲಿನಲ್ಲಿ ಸತ್ತವನು ಹಸುಳೆಯನ್ನು ಅಪಹರಿಸಿ ಕೊಂದವನು. 'ಅಬೇ ಗ್ರೇಂಜ್'ನಲ್ಲಿ ಸತ್ತವನು ಹೆಂಡತಿಯನ್ನು ಹೊಡೆಯುವ ಕುಡುಕ, ಅವಳ ನಾಯಿಗೆ ಎಣ್ಣೆ ಸುರಿದು ಬೆಂಕಿಯಿಟ್ಟವನು. ರತ್ನ ಕಳೆದುಕೊಂಡಾಕೆ ಶ್ರೀಮಂತೆ. ಸತ್ತವನಿಗಾಗಿ ಅಳುವವರೇ ಇಲ್ಲದಿದ್ದರೆ ಕ್ಷಮಿಸುವುದು ಎಷ್ಟು ಸುಲಭ! ಹಾಸ್ಯ ಕಾದಂಬರಿಯಲ್ಲಿ ಇನ್ನೂ ಸುಲಭ. ವುಡ್‌ಹೌಸರ 1938ರ 'ಕೋಡ್ ಆಫ್ ದಿ ವೂಸ್ಟರ್ಸ್' ತುಂಬ ಹಸುವಿನ ಆಕಾರದ ಒಂದು ಬೆಳ್ಳಿಯ ಕೆನೆಪಾತ್ರೆಯನ್ನು ಕದಿಯುವ ಗಡಿಬಿಡಿ. ನಾನು ಬಿದ್ದು ಬಿದ್ದು ನಕ್ಕಿದ್ದೇನೆ, ಈಗಲೂ ನಗುತ್ತೇನೆ. ಕದಿಯುವವರಿಗೆ ಹಸಿವಿಲ್ಲ, ಕಳೆದುಕೊಂಡವರಿಗೆ ನಷ್ಟವಿಲ್ಲ.

ಶಾಲೆಯಲ್ಲಿ ಹಾಗಲ್ಲ. 1996ರ ಪಾಠ ಕಲಿತ ಮೇಲೆ ಕಳ್ಳತನವಾದಾಗಲೆಲ್ಲ ನಾನು ಪತ್ತೆ ಮಾಡುವುದನ್ನೇ ಬಿಟ್ಟಿದ್ದೆ. ಕಳೆದ ವರ್ಷ ಖೋ ಖೋ ಆಡಲು ಬಿಚ್ಚಿಟ್ಟ ಹುಡುಗಿಯೊಬ್ಬಳ ಬೆಳ್ಳಿಯ ಗೆಜ್ಜೆ ಕಾಣೆಯಾಯಿತು. ಒಂದು ಡಬ್ಬಿ ಇಟ್ಟು, "ಸಿಕ್ಕಿದವರು ಯಾರೂ ನೋಡದಾಗ ಇದರಲ್ಲಿ ಹಾಕಿ" ಎಂದೆ. ಮೂರು ದಿನ ಡಬ್ಬಿ ಖಾಲಿ. ತಾಯಿ ಬಂದರು. ಗಾರ್ಮೆಂಟ್ಸಿನಲ್ಲಿ ಕೆಲಸ, ಚೀಟಿ ಕಟ್ಟಿ ಮಾಡಿಸಿದ ಗೆಜ್ಜೆ. ನಾನೇ ಹಣ ಕೊಡುತ್ತೇನೆಂದೆ. "ದುಡ್ಡಿನ ಮಾತಲ್ಲ ಮೇಡಂ. ನನ್ನ ಮಗಳು ಪಕ್ಕದಲ್ಲಿ ಕೂತೋರನ್ನೆಲ್ಲ ಇವಳೇನಾ, ಅವಳೇನಾ ಅಂತ ನೋಡ್ತಾಳೆ. ನೀವು ವಿಚಾರಿಸೋದೇ ಇಲ್ವಾ?" ಎಂದರು. ಉತ್ತರ ತೋಚಲಿಲ್ಲ. ಹೋಮ್ಸನ ರತ್ನದ ಕಥೆಯಲ್ಲಿಯೂ ಮಾಡದ ಕಳ್ಳತನಕ್ಕೆ ಜೈಲು ಸೇರಿದ ಒಬ್ಬ ನಲ್ಲಿ ರಿಪೇರಿಯವನಿದ್ದಾನೆ. ನಿಜ ಗೊತ್ತಾಗದಿದ್ದರೆ ಅವನ ಗತಿ ಏನು ಎಂದು ಆಗ ನೆನಪಾಯಿತು.

ಮರುದಿನ ಒಬ್ಬೊಬ್ಬರನ್ನೇ ಸ್ಟಾಫ್ ರೂಮಿಗೆ ಕರೆದು ಬಾಗಿಲು ಮುಂದೆ ಮಾಡಿ ಮಾತನಾಡಿಸಿದೆ. 42 ಮಕ್ಕಳು. 23ನೆಯವಳು ಒಳಗೆ ಬಂದು ನಿಂತಾಗಲೇ ಗೊತ್ತಾಯಿತು. ಕೂರಿಸಿ ನೀರು ಕೊಟ್ಟೆ. ಅವಳು ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ. ಅವಳನ್ನು ಕಳಿಸಿ, ಉಳಿದ 19 ಮಂದಿಯನ್ನೂ ಒಬ್ಬೊಬ್ಬರಾಗಿ ಕರೆದು ಅಷ್ಟಷ್ಟು ಹೊತ್ತು ಕೂರಿಸಿಕೊಂಡೆ.

ಗೆಜ್ಜೆ ಮಾರನೆಯ ದಿನ ಡಬ್ಬಿಯಲ್ಲಿತ್ತು. ಯಾರೆಂದು ತಾಯಿ ಕೇಳಿದರು, ಹೇಳಲಿಲ್ಲ. ಮುಖ ಸಪ್ಪಗೆ ಮಾಡಿಕೊಂಡು ಹೋದರು. ಅವರ ಮಗಳು ಆ ವರ್ಷ ಮುಗಿಯುವವರೆಗೂ ಕೊನೆಯ ಬೆಂಚಿನಲ್ಲಿ ಒಬ್ಬಳೇ ಕೂರುತ್ತಿದ್ದಳು.